ಯಾರೂ ಕೇಳದಂಥ ಮಿಕ್ಸರ್

ಊಟದ ಹೊತ್ತಿನಲ್ಲಿ ಮಿಕ್ಸರಿನ ಮಾತು ಎತ್ತಬಾರದೆಂದು ಆ ಮನೆಯಲ್ಲಿ ಯಾರೂ ಅಪ್ಪಣೆ ಮಾಡಿರಲಿಲ್ಲ. ಆದರೂ ಒಂದು ವರ್ಷದಿಂದ ಯಾರೂ ಎತ್ತಿರಲಿಲ್ಲ. ಆ ಸಂಜೆ ಎತ್ತಿದವಳು ಉನೈಸಿ. ತಟ್ಟೆಯಲ್ಲಿದ್ದ ಬೇಯಿಸಿದ ಮರಗೆಣಸನ್ನು ಮುರಿಯುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು:

"ಲಾಮಿ ಪೇಟೆಯ ಮದುವೆ ಹಾಲ್‌ನವರು ಕರೆದಿದಾರೆ. ಪ್ರತಿ ಶನಿವಾರ ಕೆಲಸ. ಆದ್ರೆ ಮಿಕ್ಸರ್ ನಮ್ಮದೇ ಇರ್ಬೇಕಂತೆ. ತಿಂಗಳ ಕೊನೆಯೊಳಗೆ ತರದಿದ್ರೆ ಬೇರೆಯವರನ್ನ ನೋಡ್ಕೋತಾರಂತೆ."

ಅವಳ ತಾಯಿ ತೊರಿಕಾ ಡಬ್ಬಿ ಮೀನಿನ ಸಾರನ್ನು ಅತ್ತೆಯ ತಟ್ಟೆಗೆ ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದುಕೊಂಡಳು. ಅಪ್ಪ ಇಸೋವಾ ನೀರಿನ ಲೋಟವನ್ನು ಬಾಯಿಗಿಟ್ಟವನು ಬಹಳ ಹೊತ್ತು ಕೆಳಗಿಳಿಸಲಿಲ್ಲ.

ಅಡುಗೆಮನೆಯ ಮಿಕ್ಸರ್ ಅಲ್ಲ ಅದು. ಮದುವೆಗಳಲ್ಲಿ, ಇಪ್ಪತ್ತೊಂದನೇ ಹುಟ್ಟುಹಬ್ಬಗಳಲ್ಲಿ ಹಾಡು ಹಾಕುವವರ ಮುಂದೆ ಸಾಲುಸಾಲು ಗುಂಡಿಗಳ ಪೆಟ್ಟಿಗೆಯೊಂದು ಇರುತ್ತದಲ್ಲ, ಅದು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಸದ್ದಿಲ್ಲದೆ ಅದರೊಳಗೆ ಸೇರಿಸಿ, ಕುಣಿಯುವವರ ಕಾಲು ನಿಲ್ಲದಂತೆ ನೋಡಿಕೊಳ್ಳುವುದು ಅದರ ಕೆಲಸ. ಉನೈಸಿ ವಾರವೆಲ್ಲ ನಸೀನು ಪೇಟೆಯ ಬೇಕರಿಯಲ್ಲಿ ಬ್ರೆಡ್ಡು ಮಾರುತ್ತಿದ್ದಳು. ಆ ಪೆಟ್ಟಿಗೆಯ ಹಿಂದೆ ನಿಂತಾಗ ಮಾತ್ರ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಅವಳಿಗೆ ಒಂದು ಮಿಕ್ಸರ್ ಇತ್ತು. ಬೇಕರಿಯ ದುಡ್ಡಿನಿಂದ ತಾನೇ ಕೊಂಡದ್ದು. ಹೋದ ವರ್ಷ ಕಡಾವು ದ್ವೀಪದಿಂದ ಇಸೋವಾನ ಅಕ್ಕನ ಮಗ ಕಿತಿಯೋನೆ ಬಂದವನು ಅದನ್ನು ನೋಡಿ, "ಚೆನ್ನಾಗಿದೆ ಮಾವ, ನಮ್ಮೂರ ಹುಡುಗರಿಗೂ ಇಂಥದ್ದೊಂದು ಇದ್ದಿದ್ರೆ" ಎಂದ. ಅಷ್ಟೇ ಸಾಕಿತ್ತು. ಅಕ್ಕನ ಮಗ ಬಾಯಿಬಿಟ್ಟು ಕೇಳಿದ್ದನ್ನು ಸೋದರಮಾವನಾದವನು ಇಲ್ಲವೆನ್ನುವುದು ಅವರಲ್ಲಿ ಇಲ್ಲ. ಇಸೋವಾ ತಾನು ಹೊದೆಯುವ ಕಂಬಳಿಯಲ್ಲೇ ಸುತ್ತಿ ಕೊಟ್ಟು ಕಳಿಸಿದ. ಉನೈಸಿ ಬೇಕರಿಯಿಂದ ಬಂದಾಗ ಮೇಜಿನ ಮೇಲೆ ಧೂಳಿನ ನಡುವೆ ಪೆಟ್ಟಿಗೆಯ ಅಳತೆಯ ಒಂದು ಚೌಕ ಮಾತ್ರ ಉಳಿದಿತ್ತು. ಆಮೇಲೆ ಅಪ್ಪನ ಜೊತೆ ಅವಳ ಮಾತು "ಹೂಂ", "ಉಹೂಂ" ಇಷ್ಟಕ್ಕೇ ನಿಂತಿತು.

"ಎಷ್ಟಾಗತ್ತೆ?" ತೊರಿಕಾ ಕೇಳಿದಳು.

"ನೋಡ್ಬೇಕು."

"ನನ್ನ ಚೀಟಿ ದುಡ್ಡು ಈ ವಾರ ಬರತ್ತೆ. ಅದೂ ನಿಂದೂ ಸೇರಿಸಿದ್ರೆ ನಾನೂರಾಗತ್ತೆ. ಅದರ ಮೇಲೆ ಒಂದು ಡಾಲರೂ ಇಲ್ಲ, ತಿಳೀತಾ?"

ಇಸೋವಾನ ತಾಯಿಯನ್ನು ಮನೆಯವರೆಲ್ಲ ಬುಬು ಎನ್ನುತ್ತಿದ್ದರು, ಅಜ್ಜಿ ಎಂದರ್ಥ. ಬುಬು ತನ್ನ ತಟ್ಟೆ ನೋಡಿಕೊಂಡು, "ಸಾರು ಹಾಕ್ತೀಯೋ, ಸೌಟು ಹಿಡ್ಕೊಂಡು ಪ್ರಾರ್ಥನೆ ಮಾಡ್ತೀಯೋ?" ಎಂದಳು.

ಶನಿವಾರ ಬೆಳಿಗ್ಗೆ ತಾಯಿ ಮಗಳು ಬಸ್ಸು ಹತ್ತಿ ಸುವಾ ಪೇಟೆಗೆ ಹೋದರು. ವಾರವಿಡೀ ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿದು ತೊರಿಕಾಳ ಕಾಲು ಊದಿತ್ತು. ಅಂಗಡಿಯ ಗಾಜಿನ ಹಿಂದೆ ಹೊಸ ಮಿಕ್ಸರ್ ಕೆಂಪು ನೀಲಿ ದೀಪಗಳನ್ನು ಮಿನುಗಿಸುತ್ತಾ ಕೂತಿತ್ತು. ಇವರು ಕೊಳ್ಳುವ ಗಿರಾಕಿಗಳಲ್ಲ ಎಂದು ಅಂಗಡಿಯವನಿಗೆ ಮೊದಲ ನೋಟಕ್ಕೇ ಗೊತ್ತಾಗಿರಬೇಕು. ಆದರೂ ಅವನು ಹೆಡ್‌ಫೋನನ್ನು ತನ್ನ ಅಂಗಿಗೆ ಒರೆಸಿ ಉನೈಸಿಯ ಕೈಗೆ ಕೊಟ್ಟ, ತೊರಿಕಾಳಿಗೆ ಒಂದು ಸ್ಟೂಲು ಎಳೆದು ಹಾಕಿದ.

"ಇದಕ್ಕೆ ಮೈಕು ಎಷ್ಟು ಹಾಕ್ಬಹುದಪ್ಪ?" ತೊರಿಕಾ ಕೇಳಿದಳು.

"ಒಂದು, ಅಮ್ಮ."

"ಒಂದು ಪಾದ್ರಿಗಾಯ್ತು. ಕಾರ್ಯಕ್ರಮ ನಡೆಸೋನು ಗಂಟಲು ಹರ್ಕೋಬೇಕಾ?"

"ಅಮ್ಮಾ, ಅವರವರೇ ಕೈ ಬದಲಾಯಿಸ್ಕೋತಾರೆ," ಎಂದಳು ಉನೈಸಿ.

"ಪಾದ್ರಿ ಕೈಗೆ ಹೋದ ಮೈಕು ವಾಪಸ್ ಬಂದಿದ್ದು ನೀನು ಯಾವತ್ತಾದ್ರೂ ನೋಡಿದೀಯಾ?"

ಅಂಗಡಿಯವನು ನಕ್ಕುಬಿಟ್ಟ. ಬೆಲೆ ಒಂಬೈನೂರು ಡಾಲರು. ಕಂತಿನಲ್ಲಿ ಕೊಡಬಹುದು ಎಂದ. ತೊರಿಕಾ ತಲೆ ಅಲ್ಲಾಡಿಸಿದಳು. ಉನೈಸಿ ಹೆಡ್‌ಫೋನನ್ನು ತೆಗೆದು, ಅವನು ಕೊಟ್ಟಂತೆಯೇ ತಾನೂ ಒರೆಸಿ ಹಿಂದಕ್ಕೆ ಕೊಟ್ಟಳು.

ವಾಪಸ್ ಬರುವ ಬಸ್ಸಿನಲ್ಲಿ ತೊರಿಕಾ ಊದಿದ ಕಾಲನ್ನು ಚಪ್ಪಲಿಯಿಂದ ಹೊರಗೆಳೆದು ಚಾಚಿಕೊಂಡಳು.

"ದುಡ್ಡೊಂದೇ ಅಲ್ಲ ಕಣೇ," ಎಂದಳು. "ಅಷ್ಟು ದೀಪ ಇರೋದು ಮನೆಗೆ ಬಂದ್ರೆ ಎಷ್ಟು ದಿನ ಉಳಿಯತ್ತೆ ಹೇಳು? ನಮಗೆ ಬೇಕಾಗಿರೋದು ಯಾರೂ ಕೇಳದಂಥದ್ದು."

"ಅಂಥದ್ದನ್ನ ಅಂಗಡೀಲಿ ಮಾರಲ್ಲಮ್ಮ."

"ಹಾಗಾದ್ರೆ ಅಂಗಡೀಲಿ ತಗೊಳ್ಳೋದು ಬೇಡ."

ತೊರಿಕಾ ಕಾರ್ಖಾನೆಯಲ್ಲಿ ಹತ್ತು ಜನರ ಕಿವಿಗೆ ಹಾಕಿದಳು. ವಾರದೊಳಗೆ ಒಂದು ಸುದ್ದಿ ಬಂತು. ನೌಸೋರಿ ರಸ್ತೆಯ ಕಡೆ ಸುರುಜ್‌ಮತಿ ಎಂಬ ಹಿಂದೂಸ್ತಾನಿ ಮುದುಕಿಯೊಬ್ಬಳು ತೀರಿಕೊಂಡ ಗಂಡನ ಸಾಮಾನು ಮಾರುತ್ತಿದ್ದಾಳೆ. ಗಂಡ ಆ ಕಡೆಯ ಮದುವೆಗಳಿಗೆಲ್ಲ ಹಾಡು ಹಾಕುತ್ತಿದ್ದವನು.

ಸುರುಜ್‌ಮತಿ ಮಂಚದ ಮೇಲಿಂದ ಹಳೆಯ ಸೀರೆಯ ಹೊದಿಕೆ ತೆಗೆದಾಗ ಉನೈಸಿಯ ಮುಖ ಬಿದ್ದುಹೋಯಿತು. ಕಪ್ಪು ಬಣ್ಣ ಸುಲಿದು, ಸುಲಿದ ಕಡೆಯೆಲ್ಲ ಮನೆಗೆ ಬಳಿಯುವ ಹಸಿರು ಬಣ್ಣವನ್ನು ಕುಂಚದಲ್ಲಿ ಎಳೆದಿದ್ದರು. ಒಂದು ಗುಂಡಿ ಹೋಗಿ ಅದರ ಜಾಗದಲ್ಲಿ ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳ ಕೂತಿತ್ತು.

"ಅಮ್ಮಾ, ಇದನ್ನ ಮೇಜಿನ ಮೇಲಿಟ್ರೆ ಮದುಮಗಳು ಎದ್ದು ಓಡ್ತಾಳೆ," ಎಂದು ಪಿಸುಗುಟ್ಟಿದಳು.

ತೊರಿಕಾಳಿಗೆ ಒಳಗೊಳಗೇ ಸಂತೋಷವಾಯಿತು. "ಸುಮ್ನೆ ಹಾಕಿ ನೋಡು."

ಉನೈಸಿ ತಾನು ಕಟ್ಟಿಕೊಂಡು ಬಂದ ಹಾಡಿನ ಯಂತ್ರಗಳನ್ನು ಜೋಡಿಸಿದಳು. ಹೆಡ್‌ಫೋನ್ ಹಾಕಿ, ಒಂದು ಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ಇನ್ನೊಂದನ್ನು ಕೆಳಕ್ಕೆಳೆದಳು. ಮತ್ತೆ ತಳ್ಳಿದಳು. ಹುಬ್ಬು ಗಂಟಿಕ್ಕಿತು, ಆಮೇಲೆ ಬಿಚ್ಚಿಕೊಂಡಿತು.

"ಕರಕರ ಅನ್ನಲ್ಲಮ್ಮ. ಎಷ್ಟು ನುಣುಪಾಗಿ ಹೋಗತ್ತೆ ನೋಡು! ಮೈಕಿಗೂ ಎರಡು ಜಾಗ ಇದೆ."

"ಹಾಡು ಹಾಕೋರು ಯಾರು?" ಸುರುಜ್‌ಮತಿ ಕೇಳಿದಳು.

"ಇವಳೇ."

"ಹೆಣ್ಣುಮಗಳು!" ಎಂದ ಮುದುಕಿ ಸ್ವಲ್ಪ ಹೊತ್ತು ಅವಳನ್ನೇ ನೋಡಿದಳು. "ನಮ್ಮವರು ಪ್ರತಿ ಭಾನುವಾರ ಅದರ ಧೂಳು ತೆಗೆಯೋರು. ನನ್ನ ಮೇಲೆ ಕೂತ ಧೂಳು ಮಾತ್ರ ಅವರ ಕಣ್ಣಿಗೆ ಬೀಳ್ತಿರ್ಲಿಲ್ಲ." ಬೆಲೆಯಲ್ಲಿ ಅವಳು ಒಂದು ಡಾಲರೂ ಇಳಿಸಲಿಲ್ಲ; ನಾನೂರನ್ನು ಎಂಜಲು ಹಚ್ಚಿ ಎಣಿಸಿಕೊಂಡಳು. ಆದರೆ ಹೊರಡುವಾಗ ಒಂದು ಚೀಲದ ತುಂಬ ವೈರು ತಂದಿಟ್ಟು, "ಇದಕ್ಕೆ ದುಡ್ಡು ಬೇಡ" ಎಂದಳು. ಅದರ ಮೇಲೆ ಆಲೂಗಡ್ಡೆ ಪಲ್ಯ ಸುತ್ತಿದ ರೊಟ್ಟಿಗಳ ಪೊಟ್ಟಣವನ್ನೂ ಇಟ್ಟಳು. ಬಸ್ಸಿನಲ್ಲಿ ಇಬ್ಬರೂ ಅದನ್ನು ತಿಂದು, ಒಂದನ್ನು ಇಸೋವಾನಿಗೆಂದು ಉಳಿಸಿದರು.

ಮನೆಗೆ ಬಂದದ್ದೇ ತೊರಿಕಾ ಮಿಕ್ಸರನ್ನು ಮಂಚದ ಕೆಳಗೆ ತಳ್ಳಿ, ಮುಂದೆ ಹರಿದ ಬಟ್ಟೆಯ ಗಂಟು ಇಟ್ಟಳು. ಬುಬು ಬಾಗಿಲಲ್ಲಿ ನಿಂತು ನೋಡಿದಳು.

"ಸಾಮಾನು ಮನೆಗೆ ಬಂದ್ರೆ ನಾಲ್ಕು ಜನರನ್ನ ಕರೆದು ಪ್ರಾರ್ಥನೆ ಮಾಡಿಸ್ತಾರೆ. ಮಂಚದ ಕೆಳಗೆ ತಳ್ಳೋದನ್ನ ಇವತ್ತೇ ನೋಡಿದ್ದು."

"ಪ್ರಾರ್ಥನೆ ಮುಗಿಯೋದ್ರೊಳಗೆ ಅದು ಕಡಾವು ಹಡಗು ಹತ್ತಿರತ್ತೆ ಅತ್ತೆ."

"ಅಂದ್ರೆ? ನನ್ನ ಮಗಳ ಮಗನಿಗೆ ಹೆದರಿ ಸಂಸಾರ ಮಾಡ್ತಿದೀಯಾ? ಅವನೇನು ಕಳ್ಳನಾ?"

"ಕಳ್ಳ ಆಗಿದ್ರೆ ಪೊಲೀಸಿಗಾದ್ರೂ ಹೇಳ್ಬಹುದಿತ್ತು."

ಮಾತು ಬಾಯಿಂದ ಜಾರಿಹೋಗಿತ್ತು. ಬುಬು ಆ ರಾತ್ರಿ ಊಟಕ್ಕೆ ಬರಲಿಲ್ಲ. ತೊರಿಕಾ ನಿಂಬೆ ಎಲೆಯ ಚಹಾ ಮಾಡಿ, ಬೆಣ್ಣೆ ಹಚ್ಚಿದ ಬ್ರೆಡ್ಡಿನ ಜೊತೆ ಅತ್ತೆಯ ಚಾಪೆಯ ಬಳಿ ಇಟ್ಟು ಬಂದಳು. ಬೆಳಿಗ್ಗೆ ತಟ್ಟೆ ಖಾಲಿಯಾಗಿತ್ತು, ತೊಳೆದೂ ಆಗಿತ್ತು. ಮಾತು ಮಾತ್ರ ಇರಲಿಲ್ಲ.

ಕೆಲಸ ಶುರುವಾಯಿತು. ಹಾಲಿನ ಯಜಮಾನಿ ಮಿಸೆಸ್ ಯೀ ಹಸಿರು ಪೆಟ್ಟಿಗೆ ನೋಡಿ ಮೊದಲು ಮೂಗು ಮುರಿದಳಂತೆ. ಎರಡನೇ ಶನಿವಾರ ಒಬ್ಬ ಮದುಮಗನ ಅಪ್ಪ ಕುಣಿದು ಕುಣಿದು ಬೂಟು ಕಳೆದುಕೊಂಡ ಮೇಲೆ, ಅದರ ಮೇಲೆ ಹಾಸಲು ತಾನೇ ಒಂದು ಬಿಳಿ ಬಟ್ಟೆ ಕೊಟ್ಟಳು. ಶನಿವಾರದ ದುಡ್ಡಿನಿಂದ ಬುಬುವಿನ ಕಾಲಿನ ಮುಲಾಮು ಬಂತು. ಬಹಳ ದಿನದ ಮೇಲೆ ಕರೆಂಟಿನ ಬಿಲ್ಲನ್ನು ಕೊನೆಯ ದಿನಕ್ಕೆ ಮೊದಲೇ ಕಟ್ಟಿದರು. ತೊರಿಕಾ ಕಾರ್ಖಾನೆಯಲ್ಲಿ ಹೆಚ್ಚಿನ ಹೊತ್ತು ಕೂರುವುದನ್ನು ವಾರಕ್ಕೊಂದು ದಿನ ಬಿಟ್ಟಳು.

ಆಮೇಲೆ ಒಂದು ಗುರುವಾರ ಕಿತಿಯೋನೆ ಬಂದ. ಊರಿನಲ್ಲಿ ಬೆಳೆದ ಯಂಗೋನಾ ಬೇರನ್ನು ಸುವಾದ ಮಾರುಕಟ್ಟೆಗೆ ಹಾಕಲು ವರ್ಷಕ್ಕೊಮ್ಮೆ ಬರುವವನು. ಕುಟ್ಟಿ ನೀರಿನಲ್ಲಿ ಹಿಂಡಿ ಕುಡಿಯುವ ಆ ಬೇರಿಲ್ಲದೆ ಅವರಲ್ಲಿ ಮದುವೆಯೂ ಇಲ್ಲ, ಮಣ್ಣೂ ಇಲ್ಲ; ಏನನ್ನಾದರೂ ಬೇಡಬೇಕಾದರೂ ಅದನ್ನೇ ಮುಂದಿಟ್ಟು ಬೇಡಬೇಕು. ಉನೈಸಿ ಮುಂದಿನ ಕೋಣೆಯಲ್ಲಿ ಮಿಕ್ಸರ್ ಹರವಿಕೊಂಡು ಶನಿವಾರದ ಹಾಡು ಜೋಡಿಸುತ್ತಿದ್ದಳು. ಬಚ್ಚಿಡಲು ಹೊತ್ತಿರಲಿಲ್ಲ.

"ಏನೇ ಬೇಕರಿ ಬನ್ನು, ಇನ್ನೂ ಉಬ್ಬಿದೀಯ!" ಎಂದ ಬಾಗಿಲಲ್ಲೇ.

"ದುಡಿದು ತಿಂದು ಉಬ್ಬಿದ್ದು. ನಿನ್ನ ಹಾಗೆ ನೆಂಟರ ಮನೇಲಿ ತಿಂದಲ್ಲ."

"ನೋಡಿ ಬುಬು, ಅತ್ತೆಮಗ ಅಂತ ಒಂದು ಚೂರು ಮರ್ಯಾದೆ ಇದೆಯಾ ಇವಳಿಗೆ?"

"ಇತ್ತು. ಹೋದ ಸಲ ನೀನು ಬಂದಾಗ ಅದನ್ನೂ ಕಂಬಳೀಲಿ ಸುತ್ಕೊಂಡು ಹೋದೆ."

ಕಿತಿಯೋನೆ ಜೋರಾಗಿ ನಕ್ಕ. ಅತ್ತೆಮಗ ಮಾವನ ಮಗಳ ನಡುವೆ ಯಾವ ಮಾತಿಗೂ ಸಿಟ್ಟಾಗುವಂತಿಲ್ಲ. ಬುಬು ತಿಂಗಳಲ್ಲಿ ಮೊದಲ ಸಲ ನಕ್ಕಳು, ಅವನ ತಲೆ ಸವರಿದಳು. ತೊರಿಕಾ ತೆಂಗಿನ ಹಾಲಿನಲ್ಲಿ ಕೆಸುವಿನ ಸೊಪ್ಪು ಬೇಯಿಸಿದಳು, ಎಲ್ಲರಿಗಿಂತ ದೊಡ್ಡ ಮೀನನ್ನು ಅವನಿಗೇ ಬಡಿಸಿದಳು. ಅವನು ಒಳ್ಳೆಯವನೇ, ಬಂದವನು ಬರಿಗೈಲಿ ಬಂದಿರಲಿಲ್ಲ, ಒಂದು ಮೂಟೆ ಕೆಸುವಿನ ಗೆಡ್ಡೆ ಹೊತ್ತು ತಂದಿದ್ದ. ಅದೇ ಕಷ್ಟ.

ಉಂಡು ಕೈ ತೊಳೆದವನು ಮಿಕ್ಸರಿನ ಮುಂದೆ ಕೂತು, ಎರಡು ಕೈಯಲ್ಲೂ ಎತ್ತಿ ಭಾರ ನೋಡಿದ. ಬೆರಳಿನಿಂದ ಬಡಿದು ನೋಡಿದ.

"ಇದಪ್ಪ ಸಾಮಾನು! ಹೋದ ಸಲದ್ದು ಆಟಿಕೆ ಮಾವ. ಉಪ್ಪುಗಾಳಿಗೆ ಎರಡೇ ತಿಂಗಳಿಗೆ ಸತ್ತುಹೋಯ್ತು. ಇದು ಕಬ್ಬಿಣ. ಇಂಥದ್ದು ಊರಲ್ಲಿದ್ರೆ ನಮಗೆ ಹತ್ತು ವರ್ಷ ಚಿಂತೆ ಇಲ್ಲ."

ತೊರಿಕಾ ಕಣ್ಣು ಮುಚ್ಚಿಕೊಂಡಳು. ಸುಲಿದ ಬಣ್ಣ, ಬಾಟಲಿಯ ಮುಚ್ಚಳ ಇವೆಲ್ಲ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ತಗೊಂಡ್ಹೋಗಪ್ಪ," ಎಂದ ಇಸೋವಾ. "ನಿಂದೇ ಅದು."

ಉನೈಸಿ ಹೆಡ್‌ಫೋನನ್ನು ಕೆಳಗಿಟ್ಟು ಹಿತ್ತಲಿನ ನಲ್ಲಿಯ ಬಳಿ ಹೋದಳು. ತೊಳೆದಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಮರುದಿನ ಕಿತಿಯೋನೆ ಮಾರುಕಟ್ಟೆಗೆ ಹೋದ ಮೇಲೆ ತೊರಿಕಾ ಬಟ್ಟೆ ಒಗೆಯುತ್ತಿದ್ದಳು. ಇಸೋವಾ ಬಂದು ಹಿಂಡಿದ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕತೊಡಗಿದ. ಬಂದರಿನಲ್ಲಿ ಮೂಟೆ ಬಿದ್ದು ಬೆನ್ನು ಹೋದಾಗಿನಿಂದ ಅವನು ಒಂದು ಗೋದಾಮಿನ ಕಾವಲಿಗೆ ಹೋಗುತ್ತಿದ್ದ. ಬಗ್ಗುವ ಕೆಲಸ ಆಗುತ್ತಿರಲಿಲ್ಲ.

"ಒಂದೇ ಒಂದು ಸಲ ಇಲ್ಲ ಅಂತ ಹೇಳೋಕೆ ಆಗಲ್ವಾ ನಿಮಗೆ?"

"ಅಕ್ಕನ ಮಗ ತೊರಿಕಾ."

"ಇವಳು ಯಾರ ಮಗಳು?"

ಅವನು ಅಂಗಿಯ ತೋಳನ್ನು ನೇರ ಮಾಡಿದ. "ಬೆನ್ನು ಹೋಯ್ತು, ಒಳ್ಳೇ ಸಂಬಳ ಹೋಯ್ತು. ಕೊಡೋನು ಅಂತ ಒಂದು ಹೆಸರು ಉಳಿದಿದೆ. ಊರಲ್ಲಿ ಇವತ್ತಿಗೂ ಹೇಳ್ತಾರೆ, ಇಸೋವಾನ ಬಾಯಲ್ಲಿ ಇಲ್ಲ ಅನ್ನೋ ಮಾತೇ ಬರಲ್ಲ ಅಂತ."

"ಹೇಳೋರು ಊರಲ್ಲಿದಾರೆ, ಹೊಟ್ಟೆ ಇಲ್ಲಿದೆ." ತೊರಿಕಾ ಬಟ್ಟೆಯನ್ನು ಕಲ್ಲಿಗೆ ಬಡಿದಳು. "ಇಲ್ಲ ಅನ್ನೋಕೂ ಬರಲ್ಲ, ಕೇಳೋಕೂ ಬರಲ್ಲ. ಅವನು ಕೇಳ್ತಾನಲ್ಲ ಸಲೀಸಾಗಿ, ಹಾಗೆ ನೀವು ಯಾರನ್ನಾದ್ರೂ ಏನಾದ್ರೂ ಕೇಳಿದೀರಾ? ಆಸ್ಪತ್ರೇಲಿ ಬಿದ್ದಿದ್ದಾಗ್ಲೂ ನಿಮ್ಮ ಅಕ್ಕನಿಗೆ ಒಂದು ಮಾತು ಹೇಳಿಕಳಿಸೋಕೆ ಬಿಡ್ಲಿಲ್ಲ. ಈಗ ಆ ಹುಡುಗಿ ನಾಳೆ ಮಿಸೆಸ್ ಯೀಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬೇಕು. ಅದೂ ನಿಮ್ಮ ಹೆಸರಿಗೆ ಸೇರ್ಕೊಳ್ಳಲಿ."

ಇಸೋವಾ ಉಳಿದ ಬಟ್ಟೆಯನ್ನೆಲ್ಲ ಹಗ್ಗಕ್ಕೆ ಹಾಕಿ, ಎಲ್ಲಿಗೆಂದು ಹೇಳದೆ ಹೊರಟುಹೋದ.

ಶನಿವಾರ ಬೆಳಿಗ್ಗೆ ಕಿತಿಯೋನೆ ಕುರ್ಚಿಯಲ್ಲಿ ಕೂತು ಮಿಕ್ಸರನ್ನು ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಮಧ್ಯಾಹ್ನ ಹಡಗು. ಉನೈಸಿ ಫೋನನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು, ಮಿಸೆಸ್ ಯೀಗೆ ಇನ್ನೂ ಮಾಡಿರಲಿಲ್ಲ. ಒಳಗಿನಿಂದ ಇಸೋವಾ ಬಂದ. ಚರ್ಚಿಗೆ ಹೋಗುವಾಗಿನ ಬಿಳಿ ಅಂಗಿ, ಸೊಂಟಕ್ಕೆ ಸುತ್ತಿದ ಕಪ್ಪು ಸುಲು. ಕೈಯಲ್ಲಿ ಕಾಗದ ಸುತ್ತಿದ ಯಂಗೋನಾ ಬೇರಿನ ಒಂದು ಕಟ್ಟು.

ಅವನು ಗೋಡೆ ಹಿಡಿದು, ಆಮೇಲೆ ನೆಲ ಹಿಡಿದು, ಕುರ್ಚಿಯ ಮೇಲಿದ್ದ ಅಳಿಯನ ಮುಂದೆ ಚಾಪೆಯ ಮೇಲೆ ಕಾಲು ಮಡಚಿ ಕೂತ. ಕಟ್ಟನ್ನು ಮುಂದಿಟ್ಟ.

"ಏನೋ ಇದು?" ಬುಬು ಗಾಬರಿಯಾದಳು. "ಮಾವನಾದೋನು ಅಳಿಯನ ಕೆಳಗೆ ಕೂರೋದಾ?"

"ಸ್ವಲ್ಪ ಸುಮ್ನಿರಮ್ಮ." ಇಸೋವಾ ತಲೆ ತಗ್ಗಿಸಿಯೇ ಮಾತಾಡಿದ. "ಕಿತಿಯೋನೆ, ಮೊನ್ನೆ ಕೊಟ್ಟೆ. ಕೊಟ್ಟಿದ್ದು ಕೊಟ್ಟಿದ್ದೇ, ಅದು ನಿಂದು. ಇವತ್ತು ನಾನು ಬೇಡೋಕೆ ಬಂದಿದೀನಿ. ನನ್ನ ಮಗಳಿಗೆ ಒಂದು ಮಿಕ್ಸರ್ ಬೇಕು. ನನ್ನ ಹತ್ರ ಇಲ್ಲ. ನಿನ್ನ ಹತ್ರ ಇದೆ."

ಕಿತಿಯೋನೆ ಹಗ್ಗದ ತುದಿ ಹಿಡಿದುಕೊಂಡೇ ನಗಲು ನೋಡಿದ.

"ಯಂಗೋನಾ ಬೆಳೆಯೋನಿಗೇ ಯಂಗೋನಾ ತಂದ್ರಾ ಮಾವ? ಕಟ್ಟು ನೋಡಿದ್ರೆ ಇದು ನಾನೇ ನಿನ್ನೆ ಮಾರಿದ ಹಾಗಿದೆ."

ಯಾರೂ ನಗಲಿಲ್ಲ. ಮಾವ ಒಂದು ಕೈಯನ್ನು ಚಾಪೆಗೆ ಊರಿದ್ದ. ಬೆನ್ನಿನ ನೋವು ತಡೆಯಲು ಭಾರವನ್ನೆಲ್ಲ ಆ ಕೈಗೆ ಹಾಕಿದ್ದ. ಕಿತಿಯೋನೆ ಅದನ್ನು ನೋಡಿದ. ಕುರ್ಚಿಯಿಂದಿಳಿದು ಚಾಪೆಯ ಮೇಲೆ ಕೂತು, ಬೇರಿನ ಕಟ್ಟನ್ನು ಎರಡು ಕೈಯಿಂದ ಮುಟ್ಟಿ ತೆಗೆದುಕೊಂಡ. ಬೇಡಿಕೆ ಒಪ್ಪಿಕೊಂಡವರು ಮಾಡುವಂತೆ ಅಂಗೈ ಬಟ್ಟಲು ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದ.

"ತಗೊಂಡೆ ಮಾವ. ಮಿಕ್ಸರ್ ಅವಳದ್ದು." ಆಮೇಲೆ ಮಾವನ ಕಂಕುಳಿಗೆ ಕೈ ಕೊಟ್ಟು, "ಏಳಿ, ಹೀಗೆ ಕೂರ್ಬೇಡಿ. ನೀವು ಕೇಳೋರು ಅಂತ ನಮಗೆ ಗೊತ್ತೇ ಇರ್ಲಿಲ್ಲ," ಎಂದ.

ಬುಬು ಮೂಗು ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು. "ನಿಂತು ನೋಡ್ತೀಯಲ್ಲೇ ತೊರಿಕಾ, ಚಹಾ ಮಾಡು. ಬೆಣ್ಣೆ ದಪ್ಪಗೆ ಹಚ್ಚು. ನೀನೂ ಕೂತು ತಿನ್ನು."

"ಬಾರೇ ಬನ್ನು, ಗಂಟು ಬಿಚ್ಚು," ಎಂದ ಕಿತಿಯೋನೆ.

"ಕಟ್ಟಿದೋನೇ ಬಿಚ್ಚಲಿ," ಎಂದಳು ಉನೈಸಿ. ಆದರೂ ಬಂದು ಕೂತು ಹಲ್ಲಿನಿಂದ ಹಗ್ಗ ಎಳೆಯತೊಡಗಿದಳು.

ಚಹಾ ಕುಡಿಯುತ್ತಾ ಕಿತಿಯೋನೆಯ ಕಣ್ಣು ಅಡುಗೆ ಕಟ್ಟೆಯ ಕಡೆ ಹೋಯಿತು. "ಅತ್ತೆ, ನಿಮ್ಮ ಕರೆಂಟಿನ ಕೆಟಲ್ ಎಷ್ಟು ಬೇಗ ಕಾಯತ್ತೆ! ಅಮ್ಮನಿಗೆ ಒಲೆ ಊದಿ ಊದಿ ಕಣ್ಣೇ ಹೋಗ್ತಿದೆ."

ತೊರಿಕಾ ಕೆಟಲನ್ನು ನೋಡಿದಳು, ಗಂಡನನ್ನು ನೋಡಿದಳು. ಇಸೋವಾ ಬಾಯಿ ತೆರೆಯಲಿಲ್ಲ. ಅವಳಿಗೆ ಯಾಕೋ ನಗು ಬಂತು, ಬಹಳ ಸುಸ್ತಾದವರಿಗೆ ಬರುವಂಥದ್ದು. ಉಳಿದ ನೀರು ಚೆಲ್ಲಿ, ಕೆಟಲನ್ನು ಒರೆಸಿ, ತಾನೇ ಅವನ ಚೀಲದಲ್ಲಿ ಬಟ್ಟೆಗಳ ನಡುವೆ ಇಟ್ಟಳು.

"ಕರೆಂಟು ಇರೋ ದಿನ ಅಮ್ಮನಿಗೆ ಚಹಾ ಮಾಡ್ಕೊಡು. ನೀನೇ ಮಾಡ್ಬೇಕು, ಗೊತ್ತಾಯ್ತಾ?"

ಅವನು ಹೋದ ಮೇಲೆ ಅವಳು ಮೂಲೆಯಿಂದ ಸೀಮೆಎಣ್ಣೆ ಸ್ಟೋವನ್ನು ಎಳೆದು ಬತ್ತಿ ಸರಿಮಾಡಿದಳು. ಸಂಜೆ ಉನೈಸಿ ಹೊರಡುವ ಹೊತ್ತಾಯಿತು. ಮಿಕ್ಸರನ್ನು ಗೋಣಿಯಲ್ಲಿಟ್ಟು ಒಂದು ತುದಿ ಹಿಡಿದಳು. ಇನ್ನೊಂದು ತುದಿಗೆ ತೊರಿಕಾ ಕೈ ಹಾಕುವ ಮೊದಲೇ ಇಸೋವಾ ಬಂದು ನಿಂತ. ಬೆಳಗಿನ ಬಿಳಿ ಅಂಗಿಯನ್ನು ಅವನು ಇನ್ನೂ ತೆಗೆದಿರಲಿಲ್ಲ.

ಉನೈಸಿ ತನ್ನ ತುದಿಯನ್ನು ಕೆಳಗಿಟ್ಟಳು. ಆಮೇಲೆ ಸುತ್ತಿ ಬಂದು ಅವನ ತುದಿಯನ್ನು ತಾನು ಹಿಡಿದುಕೊಂಡಳು.

"ಅಪ್ಪ, ನೀವು ಆ ಕಡೆ ಬನ್ನಿ. ಅಲ್ಲಿ ಹಗುರ ಇದೆ."

ಇಬ್ಬರೂ ಗೋಣಿಯನ್ನು ನಡುವೆ ತೂಗುತ್ತಾ ಬಸ್‌ ಸ್ಟಾಪಿನ ಕಡೆ ನಿಧಾನವಾಗಿ ನಡೆದರು. ತೊರಿಕಾ ಬಾಗಿಲಲ್ಲಿ ನಿಂತು ನೋಡಿದಳು. ಆ ಪೆಟ್ಟಿಗೆಯನ್ನು ಅವಳೂ ಹೊತ್ತವಳು. ಎರಡು ಕಡೆಯೂ ಭಾರ ಒಂದೇ ಎಂದು ಅವಳಿಗೆ ಗೊತ್ತಿತ್ತು.